ನಡುಗದ ಕೈಯ ಪಾಯಸ

ಮಠದ ಅಡುಗೆಮನೆಯಲ್ಲಿ ಪಾಯಸ ತಳ ಹಿಡಿಯಿತೆಂದರೆ ಅದು ರಾಜ್ಯಗಳು ಉರುಳುವುದಕ್ಕಿಂತ ಗಂಭೀರವಾದ ಸಂಗತಿ. ನೈವೇದ್ಯವಾಗುವ ಮೊದಲು ಅಡುಗೆಯವನು ರುಚಿ ನೋಡುವಂತಿಲ್ಲ. ಹದವನ್ನು ಮೂಗಿನಲ್ಲೇ ತಿಳಿಯಬೇಕು. ಅಂಗಳದ ಬೆಕ್ಕಿಗೂ ಬಡಿದ ಸೀದ ವಾಸನೆ ಅಡುಗೆಯ ವಾದಿರಾಜ ಉಪಾಧ್ಯರಿಗೆ ಮಾತ್ರ ಬಡಿದಿರಲಿಲ್ಲ.

"ಕೈ ಚಾಚಿ," ಎಂದರು ಮಠದ ಆಡಳಿತ ನೋಡುವ ಪಾರುಪತ್ಯಗಾರ ಗುಂಡಾಚಾರ್ಯರು.

ನಡುಕ ನಿಲ್ಲಿಸಲೆಂದು ಸರಕಾರ ಊರಿಗೆಲ್ಲ ತೊಡಿಸಿದ ಬಳೆಯ ಕೃಪೆಯಿಂದ ಉಪಾಧ್ಯರ ಕೈ ಗೋಡೆಗೆ ಹೊಡೆದ ಮೊಳೆಯಂತೆ ನಿಂತಿತು. ನಡುಕ ನಿಂತ ವರ್ಷವೇ ಪಾರ್ಕಿನ್ಸನ್ ಎಂಬ ಕಾಯಿಲೆಯ ಹೆಸರನ್ನೂ ಆಸ್ಪತ್ರೆಗಳಿಂದ ತೆಗೆದುಹಾಕಿದ್ದರು.

"ನಡುಗುವುದಿಲ್ಲ. ಅಂದಮೇಲೆ ಇದು ಕಾಯಿಲೆ ಅಲ್ಲ ಮಾರಾಯ್ರೆ, ಕೊಬ್ಬು."

"ಮೊದಲು ಮೂಗು ಹೋಯ್ತು ಆಚಾರ್ರೆ. ಆಮೇಲೆ ಹೊಟ್ಟೆ ಕಟ್ಟಿತು. ಈಗ ಕನಸಲ್ಲಿ ಯಾರೋ ಅಟ್ಟಿಸಿಕೊಂಡು ಬರ್ತಾರೆ, ನಾನು ಒದೀತೇನೆ."

"ಒದೆ ಬೀಳುವುದು ನನಗೆ," ಊಟಕ್ಕೆ ಬಂದಿದ್ದ ಹೆಂಡತಿ ವನಜಾಕ್ಷಿ ಬಾಗಿಲಿಂದಲೇ ಅಂದಳು. "ಬಳೆ ಆಫೀಸಿನವರನ್ನು ಕೇಳಿದೆ. ರೋಗ ಅಲ್ಲವಂತೆ, ಇವರ ಗುಣವಂತೆ."

"ಒಲೆ ನೀವಾಗಿ ಬಿಡ್ತೀರೋ, ನಾವು ಬಿಡಿಸಬೇಕೋ?" ಗುಂಡಾಚಾರ್ಯರು ಉಪಾಧ್ಯರನ್ನು ಕೇಳಿದರು.

ಹರೆಯದಿಂದ ಕಾಯ್ದುಕೊಂಡು ಬಂದ ಒಲೆ. ಅಳು ಬರಬೇಕಿತ್ತು, ಸಿಟ್ಟಾದರೂ ಬರಬೇಕಿತ್ತು. ಉಪಾಧ್ಯರು ತಮ್ಮೊಳಗೆ ತಡಕಾಡಿದರು, ಏನೂ ಸಿಗಲಿಲ್ಲ. ಮೂಗಿನ ಹಾಗೆ ಅದೂ ಯಾವಾಗಲೋ ಸದ್ದಿಲ್ಲದೆ ಹೋಗಿತ್ತು.

"ಬಿಟ್ಟೆ," ಎಂದರು.

"ನೋಡಿದಿರಾ ವನಜಾಕ್ಷಮ್ಮ, ಒಂದು ಹನಿ ಕಣ್ಣೀರಿಲ್ಲ. ಎಂಥ ಅಹಂಕಾರ," ಎಂದರು ಗುಂಡಾಚಾರ್ಯರು.

ಮರುದಿನದಿಂದ ಪಾಯಸವನ್ನು ಗುಂಡಾಚಾರ್ಯರ ತಮ್ಮನ ಮಗ ಮಾಡತೊಡಗಿದ.