ನೂರು ಮುಟ್ಟಬೇಕಾದ ಗಾಡಿ

"ಇದಕ್ಕ ಆಟಗಿ ಸಾಮಾನ ಅನಬ್ಯಾಡ ಅಂತ ಎಷ್ಟ ಸಲ ಹೇಳ್ಲಿ ನಿನಗ?" ಎನ್ನುತ್ತ ಭರತ ರಿಮೋಟಿನ ಟ್ರಿಗರನ್ನು ಒಮ್ಮೆಲೇ ಎಳೆದ. ಮೊಳದುದ್ದದ ಕೆಂಪು ಕಾರು ಅಂಕಲಿಯ ಹೊರಗಿನ ಹೊಸ ಡಾಂಬರು ರಸ್ತೆಯ ಮೇಲೆ ಬುರ್ರೆಂದು ಹೊರಟಿತು. ಸ್ವಲ್ಪ ದೂರ ಹೋದದ್ದೇ ಮೂತಿ ಮೇಲೆತ್ತಿ, ಪಲ್ಟಿ ಹೊಡೆದು ಅಂಗಾತ ಬಿತ್ತು. ಹೆಂಡತಿ ಗಂಗಾ ಹೋಗಿ ಅದರೊಳಗಿನ ವೇಗ ಅಳೆಯುವ ಡಬ್ಬಿ ನೋಡಿದಳು.

"ಎಂಬತ್ತಾರು."

ಭರತನ ಮುಖ ಸಪ್ಪಗಾಯಿತು. ಇವತ್ತು ಗಾಡಿಯ ವೇಗ ಗಂಟೆಗೆ ನೂರು ಕಿಲೋಮೀಟರ್ ಮುಟ್ಟಬೇಕಿತ್ತು. ಮುಟ್ಟದಿದ್ದರೆ ಅದನ್ನು ಗಂಗಾಳ ತವರಿಗೆ, ರಾಯಬಾಗದ ಅವಳ ತಮ್ಮನ ಮಗನಿಗೆ ಆಡಲು ಕೊಟ್ಟುಬಿಡುವುದೆಂದು ಗಂಡ ಹೆಂಡತಿಯ ನಡುವೆ ಮಾತಾಗಿತ್ತು. ಆ ಕೂಸು ಕೈಗೆ ಸಿಕ್ಕಿದ್ದನ್ನು ಮೊದಲು ಬಾಯಿಗೆ, ಆಮೇಲೆ ನೀರಿನ ಹೌದಿಗೆ ಹಾಕುವ ಪೈಕಿ. ತನ್ನ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಕೂತು, ಗಿರಾಕಿಗಳ ಬೈಗುಳ ತಿಂದು, ಕೈಯಾರೆ ಕಟ್ಟಿದ ಗಾಡಿ ಹೌದಿನ ತಳ ಸೇರುವುದನ್ನು ನೆನೆದು ಭರತ ಚೀಲಕ್ಕೆ ಕೈ ಹಾಕಿದ.

"ಇನ್ನೊಂದ ಬ್ಯಾಟರಿ ಐತಿ. ಅದರಾಗ ಮುಟ್ಟಸ್ತೀನಿ," ಎಂದ.

"ಒಮ್ಮಿಗೇ ಜಗ್ಗಬಾರದು, ಮೆಲ್ಲಕ ಮೆಲ್ಲಕ ಜಗ್ಗಬೇಕು ಅಂತ ದಿನಾ ಊಟಕ್ಕ ಕುಂತಾಗ ಪಾಠಾ ಹೇಳಾವ್ರು ನೀವ ಅಲ್ಲೇನ್ರಿ?"

ಅವಳು ಹೇಳಿದ್ದು ಸುಳ್ಳಲ್ಲ. ಟಯರು ವೇಗಕ್ಕೆ ಉಬ್ಬದಂತೆ ಒಳಗೆ ಟೇಪು ಸುತ್ತಬೇಕು, ರಸ್ತೆಯಲ್ಲಿ ಒಂದು ಹರಳೂ ಇರಬಾರದು, ಓಟದ ನಡುವೆ ಬ್ರೇಕು ಮುಟ್ಟಬಾರದು, ಕಣ್ಣು ಗಾಡಿಗಿಂತ ಮುಂದೆ ಇರಬೇಕು ಎಂದು ಭರತ ಊರಿಗೆಲ್ಲ ಉಪದೇಶ ಮಾಡುತ್ತಿದ್ದ. ಟ್ರಿಗರಿಗೆ ಬೆರಳು ತಾಗಿದ ಕೂಡಲೇ ಎಲ್ಲವನ್ನೂ ಮರೆಯುತ್ತಿದ್ದ. ಈಗ ಕೂತು ಹೊಸ ಬ್ಯಾಟರಿ ಜೋಡಿಸತೊಡಗಿದ.

ತಲೆಯೆತ್ತಿ ನೋಡುತ್ತಾನೆ, ಮಗನ ಗಾಡಿಯ ಓಟ ನೋಡಲೆಂದು ಜೊತೆಗೆ ಬಂದಿದ್ದ ತಾಯಿ ಕೆಂಪವ್ವ ನಡುರಸ್ತೆಯಲ್ಲಿದ್ದಾಳೆ! ಸೊಂಟದ ಸಂಚಿ ಬಿಚ್ಚಿ, ಬೊಗಸೆ ಬೊಗಸೆ ಅರಿಶಿನದ ಭಂಡಾರ ಎರಚುತ್ತಿದ್ದಾಳೆ.

"ಬೀರದೇವರ ಹೆಸರಿಲೆ ಚಾಂಗಭಲೋ!"

"ಯವ್ವಾ! ಏನ್ ಮಾಡಾಕತ್ತಿ?"

"ಗಾಡಿ ಪಲ್ಟಿ ಹೊಡೀತಲ್ಲೋ. ಯಾವಂದೋ ದೃಷ್ಟಿ ಆಗೇತಿ. ದೇವರ ಭಂಡಾರದ ಮ್ಯಾಲ ಓಡಲಿ, ಒಬ್ಬರ ಕಣ್ಣೂ ತಾಗೂದಿಲ್ಲ."

ಕೆಂಪವ್ವನ ಕೈ ಬಹಳ ಧಾರಾಳ. ಭರತ ನಸುಕಿನಲ್ಲೆದ್ದು ಕಬ್ಬಿನ ಒಣಗರಿಯ ರವದಿ, ಹರಳು ಎಲ್ಲ ಗುಡಿಸಿ ಹಸನು ಮಾಡಿದ್ದ ರಸ್ತೆ ಈಗ ಹಳದಿಯಾಗಿತ್ತು. ಆ ನುಣ್ಣನೆ ಪುಡಿಯ ಮೇಲೆ ಟಯರಿಗೆ ಹಿಡಿತವೇ ಸಿಗುವುದಿಲ್ಲ, ಗಾಡಿ ಜಾರಿ ಗಟಾರಕ್ಕೆ ಹೋಗುತ್ತದೆ. ಭರತ ಕಸಬರಿಗೆ ಎತ್ತಿಕೊಂಡು ಓಡಿದ.

"ಭಂಡಾರಕ್ಕ ಕಸಬರಿಗಿ ಹಚ್ಚತೀಯೇನ್ಲೇ ಭರತ್ಯಾ?"

ಆ ದನಿಗೆ ಕಸಬರಿಗೆ ತಾನಾಗಿಯೇ ಕೆಳಗೆ ಬಿತ್ತು. ದೇವರ ಭಂಡಾರವನ್ನು ಗುಡಿಸುವ ಹಾಗಿಲ್ಲ, ತುಳಿಯುವ ಹಾಗೂ ಇಲ್ಲ. ಹೊತ್ತೇರಿದರೆ ಕಬ್ಬಿನ ಟ್ರ್ಯಾಕ್ಟರುಗಳು ಬೇರೆ ಶುರುವಾಗುತ್ತವೆ. ಭರತ ತಲೆಯ ಮೇಲೆ ಕೈ ಹೊತ್ತು ನಿಂತ.

ಗಂಗಾ ನಗು ತಡೆದುಕೊಂಡು ಕೇಳಿದಳು, "ಅತ್ತಿ, ಭಂಡಾರ ಇವರ ಅಂಗಿಗಿ ಹತ್ತಿದ್ರ ತಪ್ಪಿಲ್ಲಲ್ಲರಿ?"

"ತಪ್ಪೇನ ಬಂತು? ಪುಣ್ಯೇನ ಬರ್ತೈತಿ."

"ಕೇಳಿದ್ರಿಲ್ಲ? ಅಂಗಿ ಬಿಚ್ರಿ."

ಬನಿಯನ್ನಿನಲ್ಲಿ ಮೊಣಕಾಲೂರಿದ ಭರತ ಅಂಗಿಯನ್ನು ಕುಡಿಯಲು ತಂದಿದ್ದ ನೀರಿನಲ್ಲಿ ತೋಯಿಸಿ ರಸ್ತೆ ಒರೆಸುತ್ತ, ತಾಯಿ ನೋಡುತ್ತಾಳೆಂದು ಆಗಾಗ ಹಣೆಗೆ ಮುಟ್ಟಿಸಿಕೊಳ್ಳುತ್ತ ಮುಂದುವರಿದ. ಡೇರಿಗೆ ಹಾಲು ಹಾಕಲು ಹೊರಟಿದ್ದ ಜಯಪಾಲ ಬೈಕು ನಿಲ್ಲಿಸಿ ಬೆರಗಾಗಿ ನೋಡಿದ.

"ಏನ್ ಹರಕಿನೋ ತಮ್ಮಾ ಇದು?"

"ಭಾಳ ದೊಡ್ಡ ಹರಕಿ ಐತ್ರಿ ಅಣ್ಣಾ. ನೀವು ಹೋಗ್ರಿ."

ಜಯಪಾಲ ಭಕ್ತಿಯಿಂದ ಕೈಮುಗಿದು, ಬೈಕನ್ನು ಅಂಚಿನಲ್ಲೇ ಓಡಿಸಿಕೊಂಡು ಹೋದ. ಎಳೆಬಿಸಿಲಿಗೆ ರಸ್ತೆ ಒಣಗಿತು. ಆದರೆ ಭರತನ ಅಂಗೈ ಬೆರಳುಗಳೆಲ್ಲ ಅರಿಶಿನದ ಕೆಸರಾಗಿದ್ದವು. ಪ್ಯಾಂಟಿಗೆ ಎಷ್ಟು ಒರೆಸಿದರೂ ಹೋಗಲೊಲ್ಲದು. ತಂದ ನೀರೂ ಮುಗಿದಿತ್ತು. ಅಷ್ಟರಲ್ಲಿ ಗದ್ದೆಯ ಕಡೆಯಿಂದ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಆ ಕೈಯಲ್ಲಿ ಹಿಡಿದರೆ ಟ್ರಿಗರು ಜಾರುತ್ತದೆ, ಬೇರೆ ದಾರಿಯೇ ಇರಲಿಲ್ಲ.

"ಗಂಗಾ, ನೀನ ಓಡಸು. ಹ್ಯಾಂಗಂತ ನಾ ಹೇಳ್ತೀನಿ."

"ಹೇಳೂದೇನ ಬ್ಯಾಡ್ರಿ. ಕೇಳಿ ಕೇಳಿ ಬಾಯಿಪಾಠ ಆಗೇತಿ."

ಗಂಗಾ ಸೆರಗು ಸಿಕ್ಕಿಸಿ ರಿಮೋಟು ಹಿಡಿದಳು. ಹಾಲು ಉಕ್ಕದಂತೆ ಒಲೆಯ ಉರಿ ನೋಡಿಕೊಳ್ಳುವವಳ ಹಾಗೆ ಟ್ರಿಗರನ್ನು ಒಂದಿಷ್ಟೊಂದಿಷ್ಟೇ ಎಳೆದಳು. ಗಾಡಿ ಮೂತಿ ಎತ್ತಲಿಲ್ಲ, ಅತ್ತಿತ್ತ ಹೊರಳಲಿಲ್ಲ. ಸದ್ದು ಸಣ್ಣಗಾಗುತ್ತ, ಕೀರಲಾಗುತ್ತ, ಕೆಂಪು ಗೆರೆಯೊಂದು ರಸ್ತೆಯ ಮೇಲೆ ಎಳೆದ ಹಾಗೆ ಹಾದುಹೋಯಿತು. ಬ್ರೇಕು ಮುಟ್ಟದೆ ಅವಳು ಬೆರಳು ಸಡಿಲಿಸಿದಳು. ಗಾಡಿ ತನ್ನಷ್ಟಕ್ಕೆ ದೂರ ಉರುಳಿ ನಿಂತಿತು.

ಭರತ ಓಡಿಹೋಗಿ ಡಬ್ಬಿ ನೋಡಿದ. "ನೂರಾ ಮೂರು!" ಎಂದು ಕೂಗಿದ ಕೂಗಿಗೆ ಕಬ್ಬಿನ ಗದ್ದೆಯ ಬೆಳ್ಳಕ್ಕಿಗಳೆಲ್ಲ ಎದ್ದು ಹಾರಿದವು. ಇಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ. ಕೆಂಪವ್ವ ಸಂಚಿಯಲ್ಲಿ ಉಳಿದದ್ದನ್ನೆಲ್ಲ ಸೊಸೆಯ ತಲೆಗೆ ಸುರಿದಳು. ಟ್ರ್ಯಾಕ್ಟರು ರಸ್ತೆಗೆ ಬರುವುದರೊಳಗೆ ಭರತ ಗಾಡಿಯನ್ನು ಕೂಸಿನ ಹಾಗೆ ಕಂಕುಳಲ್ಲಿಟ್ಟುಕೊಂಡು ಬಂದು ಕೈ ಚಾಚಿದ.

"ನೋಡ, ಕೈ ಒಣಗ್ಯಾವು. ಕೊಡ ಇತ್ತಾಗ ರಿಮೋಟ."

ಗಂಗಾ ಕೊಡಲಿಲ್ಲ. ಅವಳ ಬೆರಳು ಇನ್ನೂ ಟ್ರಿಗರಿನ ಮೇಲೇ ಇತ್ತು. ಕಣ್ಣು ರಸ್ತೆಯ ತುದಿಯಲ್ಲಿತ್ತು. ಆಮೇಲೆ ಗಂಡನ ಕಡೆ ತಿರುಗಿ, ನಿಜವಾಗಿಯೇ ಸಿಟ್ಟಾಗಿ ಕೇಳಿದಳು:

"ಅಲ್ರಿ, ಇಷ್ಟ ದೂರ ಬರೂದು ಬಂದ್ರಿ, ಬರೇ ಎರಡ ಬ್ಯಾಟರಿ ಯಾಕ ತಂದ್ರಿ?"