ಒಂದು ಹತ್ತರ ಓದುಗ

“ಯಾರಕ್ಕಾ ಇವನು?”

ತಂಗಿಯ ಬೆರಳು ಲ್ಯಾಪ್‌ಟಾಪಿನ ಪರದೆಯ ಮೇಲೆ ನಿಂತಿತ್ತು. ಅಕ್ಕನ ಬ್ಲಾಗಿಗೆ ಎಷ್ಟು ಜನ, ಎಷ್ಟು ಹೊತ್ತಿಗೆ ಬಂದರೆಂದು ತೋರಿಸುವ ಪಟ್ಟಿ ಅದು. ಮೊದಲ ವಾರ ನೆಂಟರ ದಂಡು. ಆಮೇಲೆ ಎಂಟು ವರ್ಷ ದಿನಕ್ಕೆ ಒಬ್ಬನೇ ಓದುಗ. ಬರುವುದು ಮಧ್ಯಾಹ್ನ ಒಂದು ಹತ್ತಕ್ಕೆ. ಹೆಸರು ಹೇಳಿದವನಲ್ಲ, ಒಂದು ಮಾತು ಬರೆದವನಲ್ಲ.

“ಯಾರೋ ಒಬ್ಬರು,” ಎಂದಳು ಅಕ್ಕ. ಅವಳ ಕಿವಿ ಕೆಂಪಾದದ್ದು ತಂಗಿಯ ಕಣ್ಣು ತಪ್ಪಲಿಲ್ಲ.

ತಂಗಿಯ ಕಸುಬು ವೆಬ್‌ಸೈಟ್ ಕಟ್ಟುವುದು. ಅಕ್ಕನ ರಜೆ ನೋಡಿಕೊಂಡು ಬೆಳಿಗ್ಗೆಯೇ ಬಂದಿದ್ದಳು. ಬ್ಲಾಗನ್ನು ಹೊಸ ತಾಣಕ್ಕೆ ಸಾಗಿಸಿಯೇ ಏಳುವುದೆಂದು ಊಟದ ಮೇಜಿನ ಮುಂದೆ ಪಟ್ಟು ಹಿಡಿದು ಕೂತಿದ್ದಳು. ಹಳೆಯ ತಾಣ ತೆವಳುತ್ತಿತ್ತು. ತೆರೆದರೆ ಅರ್ಧ ಪುಟ ಜಾಹೀರಾತು. ಹೊಸದರಲ್ಲಿ ಸಾವಿರಗಟ್ಟಲೆ ಓದುಗರು. ನಿಯಮ ಒಂದೇ. ಓದುವವರು ತಮ್ಮ ಹೆಸರು, ಫೋನ್ ನಂಬರ್ ಕೊಟ್ಟು ಒಳಗೆ ಬರಬೇಕು. ಯಾರು ಓದಿದರೆಂದು ಬರೆದವರಿಗೆ ಕಾಣುತ್ತದೆ.

ಅದನ್ನು ಕೇಳಿದ್ದೇ ತಡ, ಅಕ್ಕ ತಲೆ ಅಲ್ಲಾಡಿಸಿಬಿಟ್ಟಳು. “ಹಾಗಾದ್ರೆ ಬೇಡ.”

“ಇಷ್ಟು ಚೆನ್ನಾಗಿ ಬರೀತೀಯ. ಒಬ್ಬನಿಗೋಸ್ಕರ ಸಾವಿರ ಜನರನ್ನ ಬಿಡ್ತೀಯಾ?”

“ಬಿಡ್ತೀನಿ. ಏನೀಗ?”

ತಂಗಿಗೆ ಮೈಯೆಲ್ಲ ಉರಿಯಿತು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದಿನವಿಡೀ ತುಟಿ ಪಿಟಕ್ಕೆನ್ನದೆ ದುಡಿಯುವ, ಮನೆಯಲ್ಲೂ ಬೇಕು ಬೇಡ ಹೇಳದ ಅಕ್ಕ ಇಲ್ಲಿ ಮಾತ್ರ ಮನಸ್ಸು ಬಿಚ್ಚಿದ್ದಳು. ಕಳೆದ ವರ್ಷ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡದ್ದು, ಊರಿನವರ ರಿಪೋರ್ಟೆಲ್ಲ ತೆರೆಯುವವಳಿಗೆ ತನ್ನದನ್ನು ತೆರೆಯಲು ಧೈರ್ಯ ಸಾಲದ್ದು, ಎಲ್ಲ ಇಲ್ಲಿತ್ತು. ರಿಪೋರ್ಟ್ ಬಂದ ದಿನ ಭಾವ ‘ಅಂಗಡೀಲಿ ಕೆಲಸವೇ ಇಲ್ಲ’ ಎನ್ನುತ್ತ ಬಂದು ಲ್ಯಾಬಿನ ಬೆಂಚಿನ ಮೇಲೆ ಕೂತಿದ್ದ, ಪಾಪ, ಏನೂ ತಿಳಿಯದೆ. ಗಂಟಿನಲ್ಲಿ ಏನೂ ಇರಲಿಲ್ಲ, ಆ ಮಾತು ಬೇರೆ.

“ಒಡಹುಟ್ಟಿದವಳಿಗೆ ಹೇಳಲಿಲ್ಲ. ಕಂಡವರಿಗೆ ಬರೆದಿದ್ದೀಯ.”

“ಕಂಡವರಿಗಲ್ಲ. ಮುಖ ನೋಡಿ ಹೇಳೋಕಾಗದ್ದನ್ನ ಬರೀತೀನಿ. ಅವರು ಓದ್ತಾರೆ. ನನಗೆ ಅಷ್ಟು ಸಾಕು.”

“ಭಾವಂಗೆ ಗೊತ್ತಾ ಇದು?”

“ಅವರಿಗೆ ಗೊತ್ತಾಗಬಾರದು. ಗೊತ್ತಾದ ದಿನ ಎಲ್ಲ ನಿಂತುಹೋಗುತ್ತೆ.” ಅಕ್ಕನ ದನಿ ಗಟ್ಟಿಯಾಯಿತು. “ನೀನು ಬಾಯಿ ಬಿಟ್ಟರೆ ನೋಡು!”

ಭಾವನದು ಬೀಗ ರಿಪೇರಿಯ ಅಂಗಡಿ. ಹಟದಲ್ಲಿ ಅವನನ್ನು ಮೀರಿಸಿದವರಿಲ್ಲ. ಅಕ್ಕ ಮೊಟ್ಟಮೊದಲ ಬರಹದಲ್ಲಿ ಅವನ ಗೊರಕೆಯನ್ನು ವರ್ಣಿಸಿ, ನೆಂಟರೆಲ್ಲ ಬಿದ್ದು ಬಿದ್ದು ನಕ್ಕಾಗ, ತುಂಬಿದ ಮನೆಯಲ್ಲಿ ಗುಡುಗಿದ್ದ: “ಇನ್ನು ಇದರ ಒಂದಕ್ಷರ ಓದಿದರೆ ನನ್ನ ಹೆಸರು ಬದಲಿಸಿ!” ಅಂದಿನಿಂದ ಬ್ಲಾಗಿನ ಮಾತು ಬಂದರೆ ಎದ್ದೇ ಹೋಗುತ್ತಿದ್ದ. ಅಂಥ ನೇರ ಮನುಷ್ಯನ ಬೆನ್ನ ಹಿಂದೆ ಇದೇನು ಕತೆ ಎಂದು ತಂಗಿ ಲ್ಯಾಪ್‌ಟಾಪನ್ನು ದೂರ ತಳ್ಳಿದಳು.

“ಸರಿ, ಓದುವವರನ್ನೇ ಕೇಳ್ತೀನಿ,” ಎಂದು ಅಕ್ಕ ಲ್ಯಾಪ್‌ಟಾಪ್ ಎಳೆದುಕೊಂಡು ನಾಲ್ಕು ಸಾಲು ಬರೆದಳು. ಹೊಸ ತಾಣಕ್ಕೆ ಹೋಗೆಂದು ತಂಗಿಯ ಒತ್ತಾಯ. ಅಲ್ಲಿ ಹೆಸರು, ಫೋನ್ ನಂಬರ್ ಕೊಟ್ಟೇ ಓದಬೇಕು. ಹೋಗಲೋ, ಬೇಡವೋ?

ಒಂದು ಹತ್ತಕ್ಕೆ ಓದುಗರ ಲೆಕ್ಕ ಸೊನ್ನೆಯಿಂದ ಒಂದಕ್ಕೇರಿತು. ತಂಗಿ ಇನ್ನು ತಡೆಯಲಾರದೆ ವರಾಂಡಕ್ಕೆ ಹೋಗಿ ಭಾವನಿಗೆ ಫೋನ್ ಮಾಡಿದಳು. ಊಟದ ಹೊತ್ತು, ಎತ್ತಲಿಲ್ಲ.

ಗಂಟೆ ಎರಡಾಯಿತು, ಮೂರಾಯಿತು. ಬ್ಲಾಗಿನಲ್ಲಿ ಉತ್ತರವಿಲ್ಲ.

“ನೋಡಿದ್ಯಾ? ಒಂದು ಸಾಲು ಬರೆಯೋ ಧೈರ್ಯ ಇಲ್ಲ ನಿನ್ನ ಮಹಾಶಯನಿಗೆ.”

“ಹೇಳ್ತಾರೆ. ತಡಿ.”

ಸಂಜೆ ಭಾವ ಬರಲಿ, ಎಲ್ಲ ಹೇಳಿಬಿಡುವುದೇ ಸರಿ ಎಂದು ತಂಗಿ ಗಟ್ಟಿ ಮಾಡಿಕೊಂಡಳು. ಅಕ್ಕನ ಸಂಸಾರ ಉಳಿಯಬೇಕಲ್ಲ.

ಆರಕ್ಕೆ ಭಾವ ಬಂದ. ಚಪ್ಪಲಿ ಬಿಟ್ಟ. ಕೈಗೆ ಮೆತ್ತಿದ್ದ ಗ್ರೀಸನ್ನು ಉಜ್ಜಿ ಉಜ್ಜಿ ತೊಳೆದ. ಲ್ಯಾಪ್‌ಟಾಪಿನ ಕಡೆ ತಿರುಗಿಯೂ ನೋಡಲಿಲ್ಲ. ತಂಗಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವನೇ ಟವೆಲಿನಿಂದ ಮುಖ ಒರೆಸುತ್ತ ರೇಗಿದ.

“ಏನಮ್ಮಾ, ನಿನಗೆ ಮಾಡೋಕೆ ಬೇರೆ ಕೆಲಸ ಇಲ್ವಾ? ಹೆಸರು, ಫೋನ್ ನಂಬರ್ ಕೊಟ್ಟು ಓದು ಅಂದ್ರೆ ಮರ್ಯಾದಸ್ಥ ಯಾವನು ಬರ್ತಾನೆ? ಅವಳ ಬ್ಲಾಗು ಇದ್ದ ಕಡೆ ಇರಲಿ. ನಾನೇನು ಅದನ್ನ ಓದಲ್ಲ. ಆದ್ರೂ ನ್ಯಾಯ ಅಂತ ಒಂದಿದೆ.”

“ಎಲ್ಲಿಗೂ ಹೋಗಲ್ಲ ಬಿಡಿ,” ಎನ್ನುತ್ತ ಅಕ್ಕ ಮೇಜಿನ ಕೆಳಗೆ ತಂಗಿಯ ಕಾಲನ್ನು ಬಲವಾಗಿ ತುಳಿದಳು.

ಹೆಸರು ಕೊಟ್ಟು ಓದುವ ಆ ಮಾತು ಅಂದು ಗೊತ್ತಿದ್ದದ್ದು ಮೂವರಿಗೆ ಮಾತ್ರ: ಅಕ್ಕನಿಗೆ, ತಂಗಿಗೆ, ಮತ್ತು ಒಂದು ಹತ್ತರ ಓದುಗನಿಗೆ.