ಮಹಡಿ ಮನೆಯ ಬಳ್ಳಿ

ನೀರಿನ ಟ್ಯಾಂಕ್ ನೋಡುವ ನೆಪದಲ್ಲಿ ಮಾಲೀಕಮ್ಮ ಮತ್ತೆ ಮೆಟ್ಟಿಲು ಹತ್ತಿದಳು. ಟ್ಯಾಂಕ್ ತುಂಬಿದೆ ಎಂದು ಅವಳಿಗೆ ಗೊತ್ತಿತ್ತು. ಬಾಡಿಗೆಯ ಟೈಲರಮ್ಮನ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ನಾದಿನಿಯ ನಗು ಕೇಳಿಸಿತು.

ತನ್ನ ನಾದಿನಿ, ತನ್ನ ಮನೆಗೆಂದು ಬಂದವಳು, ಕೆಳಗೆ ಹೊಸ ಸೋಫಾದ ಮೇಲೆ ಕೂತ ಶಾಸ್ತ್ರ ಮಾಡಿ ಸೀದಾ ಇಲ್ಲಿಗೆ ಬಂದಿದ್ದಳು. ಮಾಲೀಕಮ್ಮನಿಗೆ ಹೊಟ್ಟೆ ಉರಿಯಿತು.

"ಬನ್ನಿ ಅತ್ತಿಗೆ, ಈ ಗೋಡೆ ನೋಡಿದ್ರಾ?"

ನೋಡದೆ ಏನು? ಬೀದಿಯವರೆಲ್ಲ ನೋಡಿ ಹೋಗಿದ್ದರು. ಟೈಲರಮ್ಮ ಬಾಡಿಗೆಗೆ ಬಂದ ಹೊಸದರಲ್ಲಿ ವಾರವಾರವೂ ಕೆಳಗಿಳಿದು ಏನಾದರೊಂದು ಹೇಳಿ ತಲೆ ತಿನ್ನುತ್ತಿದ್ದಳು. ಈ ಅಲಂಕಾರದ ಹುಚ್ಚು ಹತ್ತಿದ ಮೇಲೆ ಅತ್ತ ತಲೆ ಹಾಕಿರಲಿಲ್ಲ. ನಾಲ್ಕು ಜನ ಹೊಗಳಿದ್ದೇ ತಡ, ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ ಎಂದು ಮಾಲೀಕಮ್ಮ ಗಂಡನ ಹತ್ತಿರ ಮೂಗು ಮುರಿದಿದ್ದಳು.

ಆದರೆ ಮನೆ ಚಂದವಿತ್ತು. ಅದೇ ಸಂಕಟ. ಹಳೆಯ ಬೆಡ್‌ಶೀಟುಗಳಿಗೆ ಬಣ್ಣ ಹಾಕಿ ಟೈಲರಮ್ಮ ಚಾವಣಿಯುದ್ದಕ್ಕೂ ಡೇರೆಯಂತೆ ಇಳಿಬಿಟ್ಟಿದ್ದಳು. ಹಾಲಿನ ಪುಡಿಯ ಡಬ್ಬಗಳಿಗೆ ಪೇಂಟ್ ಬಳಿದು, ಮನಿ ಪ್ಲಾಂಟ್ ನೆಟ್ಟು, ಅಲ್ಲೊಂದು ಇಲ್ಲೊಂದು ತೂಗುಹಾಕಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ ಗೋಡೆಯ ಮೇಲಿನ ಆ ಬಳ್ಳಿ. ಚಾವಣಿಯ ಮೂಲೆಯಲ್ಲಿ ಹುಟ್ಟಿ, ಕಿಟಕಿಯ ಮೇಲೆ ಹಾದು, ಎರಡು ಕವಲಾಗಿ ನೆಲದತನಕ ಇಳಿದಿತ್ತು. ಕಾಂಡಕ್ಕೆ ಕಂದು ಪೇಂಟ್, ಎಲೆಗಳಿಗೆ ಹೊಲಿದು ಉಳಿದ ಹಸಿರು ಬಟ್ಟೆಯ ಚೂರು. ಖರ್ಚು ಎಂದರೆ ಒಂದಷ್ಟು ಅಂಟು. ಮಾಲೀಕಮ್ಮ ದುಡ್ಡು ಸುರಿದು ತಂದ ಚಿತ್ರಪಟಗಳನ್ನು ಯಾರೂ ಕಣ್ಣೆತ್ತಿಯೂ ನೋಡಿರಲಿಲ್ಲ.

"ನಿಜವಾದ ಬಳ್ಳಿ ಥರಾನೇ ಇದೆ. ಹೇಗೆ ಬರೆದ್ರಿ?" ನಾದಿನಿ ಕೇಳಿದಳು.

"ನಾನೇನೂ ಯೋಚಿಸಿ ಬರೀಲಿಲ್ಲ ಅಕ್ಕ. ಅದು ಹೋದ ಕಡೆ ನಾನೂ ಹೋದೆ," ಎಂದಳು ಟೈಲರಮ್ಮ. "ವರ್ಷಕ್ಕೊಂದು ಸಲ ನಾಲ್ಕು ಎಲೆ ಸೇರಿಸ್ತೀನಿ."

"ಇಷ್ಟು ಎತ್ತರದಲ್ಲಿ ತೂಗೋ ಗಿಡಕ್ಕೆ ನೀರು ಹಾಕೋದು ಕಷ್ಟ ಅಲ್ವಾ?"

"ನೀರಿಗೇನೂ ತೊಂದ್ರೆ ಇಲ್ಲ."

ನಾದಿನಿ ಅತ್ತಿಗೆಯ ಕಡೆ ತಿರುಗಿದಳು. "ಬೇಜಾರು ಮಾಡ್ಕೋಬೇಡಿ ಅತ್ತಿಗೆ. ಕೆಳಗಡೆಗಿಂತ ಇಲ್ಲೇ ಮನೆ ಅನ್ನಿಸುತ್ತೆ."

ಅಂದಿನಿಂದ ಮಾಲೀಕಮ್ಮನಿಗೆ ಊಟ ರುಚಿಸಲಿಲ್ಲ. ಅವಳೂ ಬ್ರಷ್ ಹಿಡಿದು ತನ್ನ ನಡುಮನೆಯ ಗೋಡೆಯ ಮೇಲೆ ಬಳ್ಳಿ ಬರೆದಳು. ಸಂಜೆ ಕೆಲಸದಿಂದ ಬಂದ ಗಂಡ ಬಾಗಿಲಲ್ಲೇ ನಿಂತು, "ಇದೇನೇ ಹಾವು?" ಎಂದ. ಮರುದಿನವೇ ಅದರ ಮೇಲೆ ಸುಣ್ಣ ಬಿತ್ತು.

ವಾರ ಕಳೆಯುವುದರೊಳಗೆ ಅವಳು ಟೈಲರಮ್ಮನನ್ನು ಕೆಳಗೆ ಕರೆಸಿದಳು. ಗಂಡ, ನಾದಿನಿ ಇಬ್ಬರೂ ಅಲ್ಲೇ ಇದ್ದರು.

"ಮನೆ ಅದಲುಬದಲು ಮಾಡ್ಕೊಳ್ಳೋಣ. ನೀನು ಕೆಳಗೆ ಬಾ, ನಾವು ಮೇಲೆ ಹೋಗ್ತೀವಿ. ಬಾಡಿಗೆ ಅದೇ ಇರ್ಲಿ. ಆದ್ರೆ ಒಂದು ಎಲೆ, ಒಂದು ಡಬ್ಬ ಕೂಡ ಅಲುಗಾಡಿಸೋ ಹಾಗಿಲ್ಲ."

ಟೈಲರಮ್ಮ ಕಣ್ಣರಳಿಸಿದಳು. "ಅಮ್ಮಾ, ಆ ಬಟ್ಟೆ ಒಂದ್ಸಲ ಬಿಚ್ಚಿ ನೋಡಿ, ಆಮೇಲೆ..."

"ಏನೂ ಬಿಚ್ಚಬೇಡ ಅಂದೆ. ಹೇಗಿದೆಯೋ ಹಾಗೇ ಬಿಟ್ಟು ಬರಬೇಕು."

ಟೈಲರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಹಾಗಾದ್ರೆ ನಂದೂ ಒಂದು ಮಾತಮ್ಮ. ಮಷೀನು, ಪಾತ್ರೆ ಎಲ್ಲ ಹೊತ್ಕೊಂಡು ಇಳೀತೀನಿ. ಮತ್ತೆ ಮೇಲೆ ಹತ್ತು ಅನ್ನಬಾರದು."

"ಗಟ್ಟಿಮುಟ್ಟಾದ ಮನೆ ಬಿಟ್ಟು..." ಎಂದು ಗಂಡ ಬಾಯಿ ತೆರೆದ.

"ನೀವು ಸುಮ್ನಿರಿ," ಎಂದು ಗದರಿ ಮಾಲೀಕಮ್ಮ ಟೈಲರಮ್ಮನ ಕಡೆ ತಿರುಗಿದಳು. "ಇವರಿಬ್ಬರ ಎದುರಿಗೇ ಮಾತು ಕೊಡ್ತಿದ್ದೀನಿ. ಸಾಯೋತನಕ ಹತ್ತು ಅನ್ನಲ್ಲ."

ಮೇಲೆ ಹೋದ ಮೊದಲ ದಿನಗಳು ಸುಖವಾಗಿ ಕಳೆದವು. ಬಂದವರನ್ನೆಲ್ಲ ಡೇರೆಯ ಕೆಳಗೆ ಕೂರಿಸಿ ಮಾತನಾಡಿಸಿದ್ದೇ ಮಾತನಾಡಿಸಿದ್ದು. ಆದರೆ ಬಂದವರೂ ಸುಮ್ಮನಿರಬೇಕಲ್ಲ? "ಟೈಲರಮ್ಮನ ಕೈಯೇ ಕೈ," ಎಂದು ಹೇಳಿ ಹೋಗುತ್ತಿದ್ದರು. ಮಾಲೀಕಮ್ಮ ಹಲ್ಲು ಕಚ್ಚಿ ನಗುತ್ತಿದ್ದಳು.

"ಕೆಳಗೆ ಏನೇನು ಮಾಡ್ಕೊಂಡಿದ್ದಾಳೆ?" ಒಂದು ಮಧ್ಯಾಹ್ನ ಅವಳು ನಾದಿನಿಯನ್ನು ಮೆಲ್ಲಗೆ ಕೇಳಿದಳು. ರಾತ್ರಿಯಿಡೀ ಕಾಡಿದ ಪ್ರಶ್ನೆ ಅದು. ಇದಕ್ಕಿಂತ ಚಂದದ್ದೇನಾದರೂ ಮಾಡಿಬಿಟ್ಟಿದ್ದರೆ?

"ಏನೂ ಇಲ್ಲ ಅತ್ತಿಗೆ. ಈಗ ಅಲ್ಲಿಂದಲೇ ಬಂದೆ. ಗೋಡೆ ಬೋಳು ಬೋಳು. ಒಂದು ಮೊಳೆ ಕೂಡ ಹೊಡೆದಿಲ್ಲ."

ಎಷ್ಟೋ ತಿಂಗಳ ಮೇಲೆ ಮಾಲೀಕಮ್ಮನ ಎದೆ ತಣ್ಣಗಾಯಿತು. ಟೈಲರಮ್ಮನ ಸರಕು ಮುಗಿದಿರಬೇಕು ಎಂದುಕೊಂಡಳು.

ಆಗಲೇ ಹೊರಗೆ ಆ ವರ್ಷದ ಮೊದಲ ಮಳೆ ಶುರುವಾಯಿತು.

ತೂಗುತ್ತಿದ್ದ ಒಂದು ಡಬ್ಬದಲ್ಲಿ ತೊಟಕ್ ಎಂದಿತು. ಆಮೇಲೆ ಇನ್ನೊಂದರಲ್ಲಿ. ಮಾತು ನಿಲ್ಲಿಸಿ ಇಬ್ಬರೂ ತಲೆಯೆತ್ತಿದರು. ಡಬ್ಬಗಳಿಗೆಲ್ಲ ತೊಟ್ಟಿಕ್ಕುವ ನೀರು ಸರಿಯಾಗಿ ಗುರಿಯಿಟ್ಟಂತೆ ಬೀಳುತ್ತಿತ್ತು. ಚಾವಣಿಯ ಬಟ್ಟೆ ನಡುವಿನಲ್ಲಿ ಹೊಟ್ಟೆಬಿಟ್ಟು ಕೆಳಗೆ ಜಗ್ಗಿತು. ಮಾಲೀಕಮ್ಮ ಎದ್ದು ಅದರ ಅಂಚು ಹಿಡಿದೆಳೆದಳು. ನೀರಿನ ಜೊತೆಗೆ ಅಂಗೈಯಗಲದ ಗಾರೆಯ ಚಕ್ಕೆಗಳು ದಬದಬನೆ ಉದುರಿದವು. ನಾದಿನಿ ಬಾಗಿಲಿಗೆ ಓಡಿದಳು.

ಗೋಡೆಯ ಎಲೆಗಳು ಒದ್ದೆಯಾಗಿ ಜೋತುಬಿದ್ದಿದ್ದವು. ಮಾಲೀಕಮ್ಮ ಒಂದನ್ನು ಕಿತ್ತಳು. ಹಿಂದೆ ಬೆರಳು ತೂರುವಷ್ಟು ಬಿರುಕು. ಇನ್ನೊಂದನ್ನು ಕಿತ್ತಳು. ಅಲ್ಲೂ ಬಿರುಕು. ಚಾವಣಿಯ ಮೂಲೆಯಿಂದ ಕಿಟಕಿಯ ಮೇಲೆ ಹಾದು, ಎರಡು ಕವಲಾಗಿ, ಅದು ನೆಲದತನಕ ಇಳಿದಿತ್ತು.

ತಲೆಯಿಂದ ನೀರಿಳಿಯುತ್ತಿದ್ದಂತೆಯೇ ಅವಳು ದಡದಡನೆ ಕೆಳಗೆ ಬಂದಳು. "ಮೊದಲೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?"

ಟೈಲರಮ್ಮ ಮಷೀನ್ ನಿಲ್ಲಿಸಿ ಒಣ ಟವೆಲ್ ತಂದು ಅವಳ ಕೈಗಿತ್ತಳು.

"ವಾರವಾರ ಬಂದು ಹೇಳ್ತಿದ್ನಲ್ಲಮ್ಮ, ರಿಪೇರಿ ಮಾಡಿಸಿಕೊಡಿ ಅಂತ. ನೋಡೋಕಾಗದಿದ್ರೆ ಏನಾದ್ರೂ ಅಂಟಿಸಿ ಮುಚ್ಕೋ ಅಂತ ನೀವೇ ಅಂದ್ರಿ."